ಚಿನ್ನದ ಅಂಬಾರಿಯ ‘ದ’

ಲೋಹಗಳ ಜರ್ಮನ್ ವಿಶೇಷಣಗಳಿಗೆ ಅಂಟುವ ಬಾಲಗಳ, ಅಂದರೆ ಸಂದರ್ಭಕ್ಕೆ ತಕ್ಕಂತೆ ಬದಲಾಗುವ ಪ್ರತ್ಯಯಗಳ, ಕಥೆಯನ್ನು ಈ ವಾರ ಮುಗಿಸಬೇಕಿತ್ತು. ತುಕ್ಕು ಹಿಡಿಯದ ಉಕ್ಕಿಗೆ ಅಲ್ಲಿನ ಮಾನಕಗಳು ಇಟ್ಟ ಹೆಸರು ‘ನಿಷ್ಟ್‌ರೋಸ್ಟೆಂಡರ್ ಷ್ಟಾಲ್’. ಮೊದಲು ‘ಡೆರ್’ ಎಂಬ ಉಪಪದ ಬಂದರೆ ಅದು ‘ನಿಷ್ಟ್‌ರೋಸ್ಟೆಂಡೆ’, ‘ಇಂದ’ ಎಂಬರ್ಥದ ‘ಔಸ್’ ಬಂದರೆ ‘ನಿಷ್ಟ್‌ರೋಸ್ಟೆಂಡೆಮ್’. ಈ ಪೇಚಾಟದಿಂದ ಜರ್ಮನ್ ಎಂಜಿನಿಯರುಗಳೂ ಜಾಣತನದಿಂದ ನುಣುಚಿಕೊಳ್ಳುತ್ತಾರೆ: ಈ ಉಕ್ಕಿಗೆ ಎಡೆಲ್‌ಷ್ಟಾಲ್ ಎಂತಲೋ, ಬೀಡುಕಬ್ಬಿಣಕ್ಕೆ ಗುಸ್‌ಐಸನ್ ಎಂತಲೋ ಎರಡು ಪದ ಬೆಸೆದುಬಿಟ್ಟರೆ ಬಾಲದ ಗೊಡವೆಯಿಲ್ಲ. ಕಬ್ಬಿಣದಿಂದ ಹುಟ್ಟಿದ ‘ಐಸರ್ನ್’ ಎಂಬ ವಿಶೇಷಣಕ್ಕೆ ಈಗ ಕಾರ್ಖಾನೆಗಿಂತ ಜನರ ಹಠ, ಶಿಸ್ತುಗಳನ್ನು ಹೊಗಳುವ ಕೆಲಸವೇ ಹೆಚ್ಚು.

ಮೈಸೂರಿನ ಪಾತ್ರೆ ಅಂಗಡಿಯ ವ್ಯಾಕರಣ ಇನ್ನೂ ಸಲೀಸು. ತಾಮ್ರದ ಹಂಡೆ, ಕಂಚಿನ ತಟ್ಟೆ ಎನ್ನದೆ ವಿಧಿಯಿಲ್ಲ. ಹಿತ್ತಾಳೆ, ಬೆಳ್ಳಿಗಳು ಮಾತ್ರ ‘ಯ’ ಕಳಚಿಟ್ಟು ಹಿತ್ತಾಳೆ ಚೆಂಬು, ಬೆಳ್ಳಿ ಲೋಟ ಆಗುತ್ತವೆ. ಎಲ್ಲವೂ ಷಷ್ಠಿಯೇ. ಹಂಡೆಗೆ, ಹಂಡೆಯಲ್ಲಿ, ಹಂಡೆಗಳಿಂದ ಎಂದು ಎಷ್ಟು ತಿರುವಿದರೂ ತಾಮ್ರದ ‘ದ’ ಕದಲುವುದಿಲ್ಲ. ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಹೊರಲೇಬೇಕೆಂದು ಸಂಸ್ಕೃತದ ಅಳತೆಪಟ್ಟಿ ಹಿಡಿದು ಕನ್ನಡ ಅಳೆಯುವವರ ಜೊತೆ ಈ ಅಂಕಣದ ಜಗಳ ಹಳೆಯದು. ಡಿ.ಎನ್. ಶಂಕರಭಟ್ಟರು ತಮ್ಮ ಪುಸ್ತಕಕ್ಕೆ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಹೆಸರಿಟ್ಟಾಗಲೇ ಅರ್ಧ ಜಗಳ ಗೆದ್ದಿದ್ದರು. ಜರ್ಮನ್ ಮನೆಮಾತಿನ ಕಿಟೆಲ್ ಕೂಡ 1903ರ ತಮ್ಮ ಕನ್ನಡ ವ್ಯಾಕರಣಕ್ಕೆ ಆಸರೆ ಹುಡುಕಿದ್ದು ಕೇಶಿರಾಜನ ಶಬ್ದಮಣಿದರ್ಪಣದಲ್ಲಿ.

ಆದರೆ ಈ ಕದಲದ ‘ದ’ ಒಂದು ಕಡೆ ನುಣುಚುತ್ತದೆ. ದಸರೆಯ ಚಿನ್ನದ ಅಂಬಾರಿಯನ್ನೇ ನೋಡಿ. ಸುಮಾರು 750 ಕಿಲೋ ತೂಗುವ ಅದು ಚಿನ್ನದ ತಗಡು ಹೊದ್ದ ಮರದ ಚೌಕಟ್ಟು. ‘ಚಿನ್ನದ’ ಎಂದರೆ ಅಪ್ಪಟವೋ, ಹೊದಿಕೆಯೋ? ಷಷ್ಠಿ ಬಾಯಿ ಬಿಡುವುದಿಲ್ಲ. ಜರ್ಮನ್ ಇಲ್ಲಿ ಬೇಕೆಂದಾಗ ಬಲು ಕಟ್ಟುನಿಟ್ಟು: ಅಪ್ಪಟವಾದರೆ ‘ಔಸ್ ಗೋಲ್ಡ್’, ಚಿನ್ನ ಬಳಿದದ್ದಾದರೆ ‘ಫೆರ್‌ಗೋಲ್ಡೆಟ್’. ತವರ ಬಳಿದದ್ದು ‘ಫೆರ್‌ಟ್ಸಿನ್ಟ್’, ಸತು ಬಳಿದದ್ದು ‘ಫೆರ್‌ಟ್ಸಿಂಕ್ಟ್’.

ಹಾಗೆಂದು ಕನ್ನಡ ಬರಿಗೈಯಲ್ಲಿಲ್ಲ. ಗಿಲೀಟು ಮಾಡಿದ ಬಳೆ, ಕಲಾಯಿ ಹಾಕಿದ ಪಾತ್ರೆ, ತಗಡು ಹೊದಿಸಿದ ಬಾಗಿಲು: ಕಸುಬುದಾರರ ಈ ಕೃದಂತಗಳು ಅಷ್ಟೇ ಕರಾರುವಾಕ್ಕು, ಬಾಲದ ಕಾಟವೂ ಇಲ್ಲ. ಜಾಹೀರಾತಿನವರು ಗಿಲೀಟನ್ನು ‘ಸ್ವರ್ಣಲೇಪಿತ’ ಮಾಡುವುದು ಬೆಲೆ ಏರಿಸಲಿಕ್ಕೇ ಇರಬೇಕು. ಸತುವಿಗೆ ಮಾತ್ರ ಅಂಥ ಮನೆಮಾತು ಹುಟ್ಟಲಿಲ್ಲ. ಸತು ಬಳಿದ ಕಬ್ಬಿಣದ ಕೊಳವೆಯನ್ನು ಕೊಳ್ಳುವವರು ‘ಜಿಐ ಪೈಪ್’ ಎಂದೇ ಕೇಳುತ್ತಾರೆ, ಅಂಗಡಿಯವರು ಹಾಗೆಯೇ ಬಿಲ್ಲು ಬರೆಯುತ್ತಾರೆ.