ಬೆಟ್ಟವೂ ಬಿಸಿನೀರೂ

ಬೆಪ್ಪು ಪಟ್ಟಣದ ಕನ್ನಾವಾ ಕೇರಿಯಲ್ಲಿ ಬೆಳಗಿನ ಜಾವ ಹಬೆಯೇಳುವುದು ನೆಲದಿಂದ. ರಸ್ತೆಯಂಚಿನ ಚರಂಡಿಯ ಜಾಲರಿಗಳಿಂದಲೂ, ಹಿತ್ತಿಲುಗಳಲ್ಲಿ ನೆಟ್ಟ ಕೊಳವೆಗಳಿಂದಲೂ, ಕಲ್ಲುಗೋಡೆಗಳ ಸಂದುಗಳಿಂದಲೂ ಹೊರಟ ಬೆಳ್ಳನೆಯ ಹಬೆಯು ಸೂರಿನವರೆಗೆ ಏರಿ, ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಬಾಗಿ, ಇಡೀ ಕೇರಿಯೇ ಒಂದು ವಿಶಾಲವಾದ ಪಾಕಶಾಲೆಯೋ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಆ ಭ್ರಮೆ ಪೂರ್ತಿ ಸುಳ್ಳಲ್ಲ. ಅಲ್ಲಿನ ಜನ ಈ ಹಬೆಯ ಮೇಲೆಯೇ ತಟ್ಟೆಗಳನ್ನಿಟ್ಟು ಗೆಣಸು, ಕುಂಬಳ, ಎಲೆಕೋಸುಗಳನ್ನು ಬೇಯಿಸುತ್ತಾರೆ, ಮತ್ತು ಆ ಅಡುಗೆಯನ್ನು ಜಿಗೊಕು-ಮುಶಿ, ಅಂದರೆ ನರಕದ ಹಬೆಯಲ್ಲಿ ಬೆಂದದ್ದು, ಎಂದು ಕರೆಯುತ್ತಾರೆ. ಜಪಾನಿನ ನೈರುತ್ಯದಲ್ಲಿರುವ ಕ್ಯೂಶೂ ದ್ವೀಪದ ಒಳನಾಡಿನಲ್ಲಿ ಆರು ದಿನಗಳ ಸೈಕಲ್ ಸಂಚಾರಕ್ಕೆ ಹೊರಟ ನಮ್ಮ ಸಣ್ಣ ತಂಡವು ಅಕ್ಟೋಬರ್ ತಿಂಗಳ ಕೊನೆಯ ಆ ಬೆಳಗ್ಗೆ ಉಪಾಹಾರ ಮಾಡಿದುದು ಅಂತಹ ಗೆಣಸಿನಿಂದಲೇ. ಸಿಪ್ಪೆಯ ಮೇಲೆ ಗಂಧಕದ ಸೂಕ್ಷ್ಮವಾದ ವಾಸನೆಯಿತ್ತು. ಒಳಗಿನ ಹಳದಿಯ ತಿರುಳು ಬಾಯಲ್ಲಿ ಕರಗುವಷ್ಟು ಮೃದುವಾಗಿತ್ತು.

ಇಂತಹ ಸಂಚಾರಗಳನ್ನು ಏರ್ಪಡಿಸುವವರು ಸಾಮಾನ್ಯವಾಗಿ ಹೇಳುವ ಮಾತೊಂದುಂಟು: ಹಗಲೆಲ್ಲ ತುಳಿದು ದಣಿದ ಕಾಲಿಗೆ ಸಂಜೆಯ ಬಿಸಿನೀರು ಬಹುಮಾನವೆಂದು. ನಾನು ಇದನ್ನು ಒಪ್ಪಲಾರೆ. ಬಹುಮಾನವೆಂಬುದು ಕೆಲಸಕ್ಕೆ ಹೊರಗಿನಿಂದ ಬರತಕ್ಕದ್ದು. ಕ್ಯೂಶೂವಿನಲ್ಲಿಯಾದರೋ, ಹಗಲು ನಮ್ಮ ಉಸಿರನ್ನು ಕಟ್ಟಿಸಿದ ಏರನ್ನು ಯಾವ ಬೆಂಕಿಯು ನೆಲದಡಿಯಿಂದ ಎತ್ತಿ ನಿಲ್ಲಿಸಿತೋ, ಅದೇ ಬೆಂಕಿಯೇ ಸಂಜೆಯ ನೀರನ್ನೂ ಕಾಯಿಸಿ ಕಳುಹಿಸಿರುತ್ತದೆ. ಅಲ್ಲಿನ ಭೂಮಿಯನ್ನು ಮೊದಲು ತೊಡೆಗಳಿಂದಲೂ ಆಮೇಲೆ ಚರ್ಮದಿಂದಲೂ ಅರಿಯುವುದಾಗುತ್ತದೆ. ಕಾರಿನಲ್ಲಿ ಬಂದು ಸ್ನಾನಮಾಡಿ ಹೋಗುವವನಿಗೆ ಇದರ ಉತ್ತರಾರ್ಧ ಮಾತ್ರ ಲಭ್ಯ. ಸೈಕಲ್ ತುಳಿದು ಸ್ನಾನವನ್ನು ಬಿಟ್ಟುಬಿಡುವವನಿಗೆ ಪೂರ್ವಾರ್ಧ ಮಾತ್ರ.

ಮಾರ್ಗದರ್ಶಕರ ಹಿಂದೆ ಹೋಗುವುದರ ವಿಚಾರವಾಗಿಯೂ ಒಂದು ಮಾತನ್ನು ಹೇಳಬೇಕು, ಏಕೆಂದರೆ ಸ್ವತಂತ್ರವಾಗಿ ತಿರುಗುವುದೇ ಸವಾರನಿಗೆ ಗೌರವವೆಂದೂ, ಒಬ್ಬರ ಹಿಂದೆ ಹೋಗುವುದು ಹೊಸಬರ ಕೆಲಸವೆಂದೂ ನಮ್ಮ ಹವ್ಯಾಸಿಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಆದರೆ ಸೈಕಲ್ ಓಟದ ಪಂದ್ಯಗಳಲ್ಲಿ ಪ್ರಸಿದ್ಧವಾದ ಕೆಯ್‌ರಿನ್ ಹುಟ್ಟಿದುದು 1948ರಲ್ಲಿ, ಇದೇ ಕ್ಯೂಶೂವಿನ ಕೊಕುರಾ ಪಟ್ಟಣದಲ್ಲಿ. ಅದರಲ್ಲಿ ಮೊದಲ ಸುತ್ತುಗಳನ್ನು ಮುಂದಾಳೊಬ್ಬನು ಹದವಾದ ವೇಗದಲ್ಲಿ ನಡೆಸಿ, ತಕ್ಕ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯುತ್ತಾನೆ. ಒಳ್ಳೆಯ ಮಾರ್ಗದರ್ಶಕರ ಕಲೆಯೂ ಅದೇ: ಮುಂದಿರುವುದು, ಮತ್ತು ಸರಿಯುವುದು. ನಮ್ಮನ್ನು ನಡೆಸಿದವರು ಅಸೊ ಪ್ರಾಂತದ ಒಂದು ದನ ಸಾಕುವ ಮನೆತನದಲ್ಲಿ ಹುಟ್ಟಿದ, ಐವತ್ತರ ಆಸುಪಾಸಿನ ಮಹಿಳೆ. ನಮ್ಮಲ್ಲಿ ಮೂವರು ಸಸ್ಯಾಹಾರಿಗಳೆಂಬುದನ್ನು ಹೊರಡುವ ಮೊದಲೇ ತಿಳಿದುಕೊಂಡು, ಪ್ರತಿಯೊಂದು ವಸತಿಗೃಹಕ್ಕೂ ಮುಂಚಿತವಾಗಿ ಫೋನು ಮಾಡಿ, ಮೀನಿನ ಸಾರದ ಬದಲು ಕಡಲಪಾಚಿ ಮತ್ತು ಶೀತಾಕೆ ಅಣಬೆಯ ಸಾರದಲ್ಲಿ ಅಡುಗೆ ಮಾಡುವಂತೆ ಅವರು ಹೇಳಿಟ್ಟಿದ್ದರು. ಜಪಾನಿನಲ್ಲಿ ತರಕಾರಿಯ ಸಾರಿನ ತಳದಲ್ಲಿಯೂ ಒಣಮೀನಿನ ಸಾರವೇ ಇರುವುದು ವಾಡಿಕೆಯಾದುದರಿಂದ, ಇದೊಂದು ಉಪಕಾರಕ್ಕಾಗಿಯೇ ಕನ್ನಡನಾಡಿನ ಸಸ್ಯಾಹಾರಿ ಓದುಗರಿಗೆ ಮಾರ್ಗದರ್ಶಕರ ಸಂಗಡ ಹೋಗಿರೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ರಸ್ತೆಯ ಭಯವೇನೂ ಬೇಡ. ಅಲ್ಲಿಯೂ ವಾಹನಗಳು ನಮ್ಮಲ್ಲಿಯಂತೆ ಎಡಗಡೆಯಲ್ಲಿಯೇ ಸಾಗುತ್ತವೆ.

ಮೊದಲ ದಿನದ ಯುಫುಯಿನ್ ಸುಂದರವಾದ ಊರು. 1583 ಮೀಟರ್ ಎತ್ತರದ ಯುಫು ಬೆಟ್ಟವು ಎರಡು ಕೊಂಬುಗಳಂತಹ ಶಿಖರಗಳನ್ನೆತ್ತಿ ಕಣಿವೆಯನ್ನು ಕಾಯುತ್ತಿರುತ್ತದೆ. ಆದರೆ ಊರಿನ ಮುಖ್ಯ ಬೀದಿ ಅಂಗಡಿಗಳ ಸಾಲಾಗಿ ಹೋಗಿರುವುದರಿಂದ ಅಲ್ಲಿ ನಿಲ್ಲುವ ಮನಸ್ಸಾಗಲಿಲ್ಲ.

ನಿಜವಾದ ಸಂಚಾರ ಪ್ರಾರಂಭವಾದುದು ಮರುದಿನ, 1964ರಲ್ಲಿ ತೆರೆದ ಯಮನಾಮಿ ಹೆದ್ದಾರಿಯ ಮೇಲೆ. ಈ ಹೆದ್ದಾರಿಯು ಕಣಿವೆಯನ್ನು ಬಿಟ್ಟು, ದೇವದಾರುವಿನಂತೆ ನೆಟ್ಟಗೆ ಬೆಳೆಯುವ ಸುಗಿ ಮರಗಳ ಕತ್ತಲೆಯೊಳಗೆ ನುಗ್ಗಿ, ಅಲ್ಲಿಂದ ಹೊರಬಿದ್ದು, ಹುಲ್ಲಿನ ಇಳಿಜಾರುಗಳ ನಡುವೆ ಸುತ್ತಿ ಸುತ್ತಿ ಕುಜೂ ಪರ್ವತಸಮೂಹದ ಮಡಿಲಿಗೆ ಏರುತ್ತದೆ. ಸುಮಾರು 1000 ಮೀಟರ್ ಎತ್ತರದಲ್ಲಿರುವ ಚೋಜಾಬಾರುವಿನಲ್ಲಿ ತಡೆವಾರಾ ಎಂಬ ಜವುಗುನೆಲವಿದೆ; 2005ರಲ್ಲಿ ಜವುಗುನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದ ಆ ಜವುಗಿನ ಆಚೆಯಲ್ಲಿ, 1995ರಲ್ಲಿ ಸ್ಫೋಟಿಸಿದ ಗಂಧಕದ ಬೆಟ್ಟವು ಈಗಲೂ ತನ್ನ ಪಕ್ಕೆಯಿಂದ ಹೊಗೆ ಬಿಡುತ್ತಿರುವುದು ಕಾಣುತ್ತದೆ. ಅಲ್ಲಿಂದ ಮಕಿನೊತೊ ಕಣಿವೆದಾರಿಯ ತನಕ ಉಳಿದ ಮುನ್ನೂರು ಚಿಲ್ಲರೆ ಮೀಟರ್ ಏರು ನಮ್ಮ ಇಡೀ ಸಂಚಾರದ ಕೇಂದ್ರವೆಂದೇ ಹೇಳಬೇಕು. ತಿರುವಿನಿಂದ ತಿರುವಿಗೆ ಗಾಳಿ ತಣ್ಣಗಾಗುತ್ತ, ಬೆವರು ಬಿಸಿಯಾಗುತ್ತ ಹೋಗುತ್ತದೆ. ಕಿವಿಗೆ ತನ್ನ ಉಸಿರಿನ ಸದ್ದು, ಚೈನಿನ ಸಣ್ಣ ಕಿರುಗುಟ್ಟುವಿಕೆ, ಇವೆರಡಲ್ಲದೆ ಬೇರೇನೂ ಕೇಳಿಸುವುದಿಲ್ಲ. ಮೂರನೆಯ ತಿರುವಿನಲ್ಲಿ ನಾನು ಪೆಡಲಿನ ಮೇಲೆ ಎದ್ದುನಿಂತು ತುಳಿಯತೊಡಗಿದಾಗ, ಅದುವರೆಗೆ ಮುಂದಿದ್ದ ಆ ಮಹಿಳೆ ಯಾವಾಗ ಹಿಂದಕ್ಕೆ ಬಂದಿದ್ದರೋ, ನನ್ನ ಬಲಭುಜದ ಹಿಂದಿನಿಂದ ಒಂದೇ ಒಂದು ಮಾತನ್ನು ಹೇಳಿದರು: “ಯುಕ್ಕುರಿ.” ನಿಧಾನವಾಗಿ ಎಂದು ಅದರ ಅರ್ಥ. ನಾನು ಕುಳಿತೆನು, ಗೇರನ್ನು ಇಳಿಸಿದೆನು, ಮತ್ತು ಆ ಕ್ಷಣದಿಂದ ಏರು ನನ್ನ ಶತ್ರುವಾಗಿ ಉಳಿಯಲಿಲ್ಲ. ಬಲಕ್ಕೆ, ಕಾಡಿನ ಮೇಲೆ, ದಟ್ಟವಾದ ಹಬೆಯ ಕಂಬಗಳು ಎದ್ದಿದ್ದವು. ಅದು ಹಚ್ಚೋಬಾರು ಎಂಬ ವಿದ್ಯುತ್ ಕೇಂದ್ರ. ನೆಲದ ಹಬೆಯಿಂದಲೇ 110 ಮೆಗಾವಾಟ್ ವಿದ್ಯುತ್ತನ್ನು ತೆಗೆಯತಕ್ಕ ಆ ಕೇಂದ್ರಕ್ಕಿಂತ ದೊಡ್ಡದು ಈ ಬಗೆಯದು ಜಪಾನಿನಲ್ಲಿ ಇನ್ನೊಂದಿಲ್ಲ. ನನ್ನ ಕಾಲಿನ ಕೆಳಗೆ ಏನು ಉರಿಯುತ್ತಿದೆಯೆಂಬುದು ನನಗೆ ನಿಜವಾಗಿ ಮನದಟ್ಟಾದುದು ಆಗ.

ಕಣಿವೆದಾರಿಯ ನೆತ್ತಿಯಿಂದ ಇಳಿದರೆ ಸೆನೊಮೊತೊ ಬಯಲು. ಶರತ್ಕಾಲದಲ್ಲಿ ಅಲ್ಲಿ ಸುಸುಕಿ ಹುಲ್ಲು ಹೂಬಿಟ್ಟಿರುತ್ತದೆ. ಸಂಜೆಯ ಬಿಸಿಲು ಆ ತೆನೆಗಳ ಹಿಂದೆ ನಿಂತಾಗ ಬೆಟ್ಟವೆಲ್ಲ ಬೆಳ್ಳಿಯ ಕಸೂತಿಯಾಗಿ ತೋರುತ್ತದೆ. ಅಂದಿನ ವಸತಿ ಕುರೊಕಾವಾ. ಸಣ್ಣ ಹೊಳೆಯ ಎರಡು ದಡಗಳಲ್ಲಿ ಮೂವತ್ತರಷ್ಟು ವಸತಿಗೃಹಗಳು ಒತ್ತಾಗಿ ನಿಂತಿರುವ ಈ ಊರು ಒಂದು ಕಾಲಕ್ಕೆ ಯಾರೂ ತಿರುಗಿನೋಡದ ಮೂಲೆಯಾಗಿತ್ತು. ಅಲ್ಲಿನ ಒಬ್ಬ ಗೃಹಸ್ಥ, ಗೋತೊ ತೆತ್ಸುಯಾ, ತನ್ನ ವಸತಿಗೃಹದ ಹಿಂದಿನ ಬಂಡೆಯನ್ನು ವರ್ಷಗಟ್ಟಲೆ ಉಳಿಯಿಂದ ತಾನೇ ಕೊರೆದು ಗುಹೆಯ ಸ್ನಾನಘಟ್ಟವೊಂದನ್ನು ಮಾಡಿದನು. ಒಪ್ಪವಾದ ತೋಟದ ಗಿಡಗಳ ಬದಲು ಬೆಟ್ಟದ ಕಾಡುಮರಗಳನ್ನೇ ತಂದು ಸುತ್ತಲೂ ನೆಟ್ಟನು. ನೆರೆಹೊರೆಯವರು ಮೊದಲು ನೋಡಿ ಆಮೇಲೆ ಅದನ್ನೇ ಕಲಿತರು. 1986ರಲ್ಲಿ ಊರಿನವರೆಲ್ಲ ಕೂಡಿ ಒಂದು ಪದ್ಧತಿಯನ್ನು ತಂದರು: ಸುಗಿ ಮರದ ದುಂಡನೆಯ ಬಿಲ್ಲೆಯೊಂದನ್ನು ಕೊಂಡವನು ತಾನು ಇಳಿದುಕೊಂಡ ಮನೆಯಲ್ಲಿ ಮಾತ್ರವಲ್ಲದೆ ಯಾವ ಮೂರು ಮನೆಗಳಲ್ಲಾದರೂ ಬಯಲುಸ್ನಾನ ಮಾಡಬಹುದು. ಬಿಲ್ಲೆಯ ದಾರವನ್ನು ಕೊರಳಿಗೆ ಹಾಕಿಕೊಂಡು, ಮರದ ಗೆತಾ ಮೆಟ್ಟು ಟಕಟಕನೆ ಸದ್ದು ಮಾಡುತ್ತಿರಲು, ಜನ ಒಂದು ಮನೆಯಿಂದ ಇನ್ನೊಂದು ಮನೆಗೆ ಸ್ನಾನಕ್ಕೆ ಹೋಗುತ್ತಿರುವುದನ್ನು ನೋಡಿದರೆ, ಪೈಪೋಟಿಗೆ ನಿಲ್ಲಬೇಕಾಗಿದ್ದ ಮನೆಗಳು ಒಂದೇ ಛತ್ರದ ಕೋಣೆಗಳಾದ ಬಗೆ ಕಣ್ಣಿಗೆ ಕಟ್ಟುತ್ತದೆ. ವಾಣಿಜ್ಯದಲ್ಲಿ ಇಷ್ಟು ಸುಂದರವಾದ ಯೋಚನೆಯನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಸ್ನಾನದ ಕ್ರಮವನ್ನು ತಿಳಿದುಕೊಂಡು ಹೋಗುವುದು ಒಳ್ಳೆಯದು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ಥಳಗಳಿರುತ್ತವೆ. ಒಳಗೆ ಯಾರ ಮೈಮೇಲೆಯೂ ಬಟ್ಟೆಯಿರುವುದಿಲ್ಲ. ನಮ್ಮ ಕಡೆಯವರಿಗೆ ಇದರಿಂದ ಮೊದಲು ಮೈ ಹಿಡಿಯಾಗುತ್ತದೆಂಬುದನ್ನು ಬಲ್ಲೆ. ಆದರೆ ಅಲ್ಲಿ ಒಬ್ಬರು ಇನ್ನೊಬ್ಬರ ಕಡೆ ನೋಡುವ ಪದ್ಧತಿಯೇ ಇಲ್ಲವಾದುದರಿಂದ ಹತ್ತು ನಿಮಿಷದೊಳಗೆ ಆ ಸಂಕೋಚ ತಾನಾಗಿ ಕಳಚಿಹೋಗುತ್ತದೆ. ಮೊದಲು ಗಿಡ್ಡನೆಯ ಮಣೆಯ ಮೇಲೆ ಕುಳಿತು, ಸೋಪಿನಿಂದ ಮೈ ತಿಕ್ಕಿ, ನೊರೆಯ ಒಂದು ಚೂರೂ ಉಳಿಯದಂತೆ ತೊಳೆದುಕೊಳ್ಳಬೇಕು. ಮಡುವಿಗೆ ಇಳಿಯುವುದು ಕೊಳೆ ತೊಳೆಯುವುದಕ್ಕಲ್ಲ. ಕೈಚೌಕವನ್ನು ನೀರಿಗೆ ತಾಗಿಸದೆ ಮಡಿಚಿ ನೆತ್ತಿಯ ಮೇಲೆ ಇಟ್ಟುಕೊಳ್ಳುವುದು ಸಂಪ್ರದಾಯ. ಸವಾರರಿಗೆ ನನ್ನದೊಂದು ಎಚ್ಚರಿಕೆ: ಏರು ಹತ್ತಿ ಬಂದ ಕೂಡಲೇ 42 ಡಿಗ್ರಿಯ ನೀರಿಗೆ ಧುಮುಕಬೇಡಿ. ಎದೆಬಡಿತ ಶಾಂತವಾಗುವವರೆಗೆ ಕುಳಿತಿದ್ದು, ಒಂದೆರಡು ಲೋಟ ನೀರು ಕುಡಿದು, ಪಾದಗಳ ಮೇಲೆ ನಾಲ್ಕು ಚೊಂಬು ಸುರಿದುಕೊಂಡು ಇಳಿಯಿರಿ. ನೀರಿನ ಗುಣವನ್ನೂ ವಿಚಾರಿಸುವ ಅಭ್ಯಾಸವಿರಲಿ. ಕೆಯ್‌ರಿನ್ ಹುಟ್ಟಿದ 1948ನೆಯ ವರ್ಷದಲ್ಲಿಯೇ ಜಪಾನಿನಲ್ಲಿ ಬಿಸಿನೀರ ಬುಗ್ಗೆಗಳ ಕಾಯಿದೆಯೂ ಬಂದಿತು. ನೆಲದಿಂದ ಹೊರಡುವಾಗ ನೀರು 25 ಡಿಗ್ರಿಗೆ ಕಡಮೆಯಿಲ್ಲದ ಶಾಖದ್ದಾಗಿರಬೇಕು, ಇಲ್ಲವೆ ಗೊತ್ತಾದ ಖನಿಜಗಳಲ್ಲಿ ಒಂದಾದರೂ ಅದರಲ್ಲಿ ನಿಗದಿಯಷ್ಟಿರಬೇಕು ಎಂಬುದು ಅದರ ಕಟ್ಟಳೆ. ಆದರೆ ಬಲ್ಲವರು ಅಷ್ಟಕ್ಕೆ ತೃಪ್ತರಾಗದೆ ‘ಕಕೆನಗಾಶಿ’ ಹೌದೋ ಎಂದು ಕೇಳುತ್ತಾರೆ: ಬುಗ್ಗೆಯಿಂದ ಬಂದ ನೀರು ಮಡುವನ್ನು ತುಂಬಿ, ಅಂಚಿನ ಮೇಲೆ ಹರಿದು, ಮರಳಿ ಬಾರದಂತೆ ಹೊರಟುಹೋಗುತ್ತದೆಯೋ, ಅಥವಾ ಸೋಸಿ ಮತ್ತೆ ಮತ್ತೆ ಅದೇ ನೀರನ್ನು ತಿರುಗಿಸುತ್ತಾರೋ ಎಂದು.

ಮುಂದಿನ ದಿನ ದೈಕಾನ್‌ಬೊ ಎಂಬ 936 ಮೀಟರ್ ಎತ್ತರದ ಅಂಚಿಗೆ ಬಂದು ನಿಂತೆವು. ಅಸೊ ಜ್ವಾಲಾಮುಖಿಯ ಮಹಾಕುಂಡವು ಉತ್ತರ ದಕ್ಷಿಣವಾಗಿ ಸುಮಾರು 25 ಕಿಲೋಮೀಟರ್, ಪೂರ್ವ ಪಶ್ಚಿಮವಾಗಿ 18 ಕಿಲೋಮೀಟರ್. ಅದರ ತಳದಲ್ಲಿ ಗದ್ದೆಗಳು, ರೈಲುದಾರಿ, ಶಾಲೆಗಳು, ಸುಮಾರು 50,000 ಜನರ ಸಂಸಾರ. ನಡುವೆ ಎದ್ದಿರುವ ಐದು ಶಿಖರಗಳು ಅಲ್ಲಿಂದ ನೋಡುವವರಿಗೆ ಪರಿನಿರ್ವಾಣದಲ್ಲಿ ಮಲಗಿದ ಬುದ್ಧನಂತೆ ಕಾಣುವುವೆಂದು ಹೇಳುತ್ತಾರೆ. ಹೊಗೆಯಾಡುವ ನಾಕಾದಾಕೆ ಶಿಖರವನ್ನು ಮಧ್ಯದಲ್ಲಿ ಗುರುತಿಸಿದ ಮೇಲೆ ನನಗೂ ಆ ಆಕಾರ ಕಂಡಿತು. ಕಾದಂಬರಿಕಾರ ನತ್ಸುಮೆ ಸೊಸೆಕಿ ಕುಮಮೊತೊ ಪಟ್ಟಣದಲ್ಲಿ ಉಪಾಧ್ಯಾಯನಾಗಿದ್ದಾಗ, 1899ರಲ್ಲಿ, ಈ ಬೆಟ್ಟವನ್ನು ಹತ್ತಲು ಬಂದನು. ಇಬ್ಬರು ಗೆಳೆಯರು ಬಿರುಗಾಳಿಯಲ್ಲಿ ಹುಲ್ಲಿನ ನಡುವೆ ದಾರಿ ತಪ್ಪುವುದನ್ನು ಕುರಿತ ಅವನ ಸಣ್ಣ ಕಾದಂಬರಿ 1906ರಲ್ಲಿ ಪ್ರಕಟವಾಯಿತು. ಅದರ ಹೆಸರು ‘ಇನ್ನೂರ ಹತ್ತನೆಯ ದಿನ’: ವಸಂತಾರಂಭದಿಂದ ಎಣಿಸಿದರೆ ಸೆಪ್ಟೆಂಬರ್ ಒಂದರ ಸುಮಾರಿಗೆ ಬೀಳುವ, ಬಿರುಗಾಳಿಗೆ ಜಪಾನಿನ ರೈತರು ಅಂಜುವ ದಿನ. ಅದು ನಮ್ಮ ಹುಬ್ಬೆ ಮಳೆಯ ಕಾಲವೆಂಬುದನ್ನು ನೆನೆದಾಗ ಆ ಲೆಕ್ಕ ನನಗೆ ತೀರ ಹತ್ತಿರದ್ದಾಗಿ ತೋರಿತು.

ಅಲ್ಲಿ ಹುಲ್ಲಿನ ಇಳಿಜಾರಿಗೆ ಅಡ್ಡಲಾಗಿ, ಹೊಸದಾಗಿ ಕ್ಷೌರ ಮಾಡಿದಂತೆ, ಹತ್ತು ಮಾರು ಅಗಲದ ಒಂದು ಪಟ್ಟೆ ಕಾಡಿನ ಅಂಚಿನುದ್ದಕ್ಕೂ ಹಾದುಹೋಗಿತ್ತು. ಅದೇನೆಂದು ಕೇಳಿದೆ. ಆ ಮಹಿಳೆ ಸೈಕಲನ್ನು ಒರಗಿಸಿ, ಬಗ್ಗಿ, ಕತ್ತರಿಸಿದ ಹುಲ್ಲಿನ ಬುಡವೊಂದನ್ನು ಬೆರಳಿನಿಂದ ತೋರಿಸಿದರು. ಅಸೊವಿನ ಹುಲ್ಲುಗಾವಲನ್ನು ಬಿಟ್ಟುಕೊಟ್ಟರೆ ಕೆಲವೇ ವರ್ಷಗಳಲ್ಲಿ ಪೊದೆಯಾಗಿ, ಆಮೇಲೆ ಕಾಡಾಗುತ್ತದೆ. ಆದುದರಿಂದ ಸಾವಿರ ವರ್ಷಗಳಿಂದಲೂ ಪ್ರತಿ ವಸಂತದ ಮೊದಲಲ್ಲಿ ಊರಿನವರು ಕೂಡಿ ಅದಕ್ಕೆ ಬೆಂಕಿಯಿಡುತ್ತ ಬಂದಿದ್ದಾರೆ. ಆ ಬೆಂಕಿ ಕಾಡಿಗೆ ಹಾರದಂತೆ ಶರತ್ಕಾಲದಲ್ಲಿಯೇ ಹುಲ್ಲು ಕೊಯ್ದು ಪಟ್ಟೆ ತೆಗೆಯಬೇಕು. ಕಡಿದಾದ ಇಳಿಜಾರಿನಲ್ಲಿ ಕಾಲೂರಿ ನಿಂತು ಮಾಡುವ ಈ ಕೆಲಸಕ್ಕೆ ಈಗ ಹಳ್ಳಿಗಳಲ್ಲಿ ಮುದುಕರೇ ಉಳಿದಿದ್ದಾರೆ. ಪಟ್ಟಣಗಳಿಂದ ಸ್ವಯಂಸೇವಕರು ಬರುತ್ತಾರೆ. “ತಂದೆಯವರಿಗೆ ಎಂಬತ್ತೆರಡು. ಈ ಸಲವೂ ಬಂದರು,” ಎಂದಷ್ಟೇ ಅವರು ಹೇಳಿದರು. ಎರಡು ದಿನಗಳಿಂದ ನಾವು ಕಣ್ತುಂಬ ನೋಡಿ ನಿಸರ್ಗವೆಂದು ಹೊಗಳುತ್ತಿದ್ದ ಆ ಬಯಲು, ಆ ಬೆಳ್ಳಿಯ ತೆನೆಗಳು, ಸವಾರನಿಗೆ ಹತ್ತಾರು ಕಿಲೋಮೀಟರ್ ದೂರ ಕಾಣಿಸುವ ಆ ತೆರಪು, ಎಲ್ಲವೂ ಇವರ ಕೈಯ ಬೆಂಕಿಯಿಂದ ಉಳಿದು ಬಂದವು. ಕೆಂಪು ದನಗಳು ಬೇಲಿಯಾಚೆ ತಲೆಯೆತ್ತದೆ ಮೇಯುತ್ತಿದ್ದವು.

ಕುಂಡದೊಳಗಿನ ದಿನವನ್ನು ವಿಸ್ತರಿಸುವುದಿಲ್ಲ. ಹಳ್ಳಿಯ ಮೂಲೆಯಲ್ಲಿ ಯಾರೂ ಕಾಯದ ಮರದ ಗೂಡೊಂದರಿಂದ ಪರ್ಸಿಮನ್ ಹಣ್ಣಿನ ಒಂದು ಪೊಟ್ಟಣವನ್ನು ತೆಗೆದುಕೊಂಡು, ಡಬ್ಬಿಯ ಸೀಳಿಗೆ 100 ಯೆನ್ನಿನ ನಾಣ್ಯವನ್ನು ಹಾಕಿದಾಗ ಅದು ಕೆಳಗಿನ ನಾಣ್ಯಗಳ ಮೇಲೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ಕೊನೆಯ ಸಂಜೆ ನಗಾಯು. ಕುಜೂ ಬೆಟ್ಟಗಳ ಪೂರ್ವದ ತಪ್ಪಲಿನ ಈ ಹಳ್ಳಿಯ ನೀರಿನಲ್ಲಿ, ಕೆಳಗಿನ ಬೆಂಕಿಯಿಂದ ಬಂದ ಇಂಗಾಲದ ಡೈಆಕ್ಸೈಡ್ ಅನಿಲ ಕರಗಿರುತ್ತದೆ. ಬಿಸಿ ಹೆಚ್ಚಾದರೆ ಅನಿಲ ಹಾರಿಹೋಗುತ್ತದೆ. ಇಲ್ಲಿ ಒಂದು ಬುಗ್ಗೆಯ ನೀರು ಸುಮಾರು 32 ಡಿಗ್ರಿಯಷ್ಟೇ ಬೆಚ್ಚಗಿರುವುದರಿಂದ ಅದು ನೀರಿನಲ್ಲಿಯೇ ಉಳಿಯುತ್ತದೆ. ವಾಸ್ತುಶಿಲ್ಪಿ ಫುಜಿಮೊರಿ ತೆರುನೊಬು, ಸುಟ್ಟು ಕಪ್ಪಾಗಿಸಿದ ಸುಗಿ ಹಲಗೆಗಳಿಂದಲೂ ಬಿಳಿಯ ಗಾರೆಯಿಂದಲೂ 2005ರಲ್ಲಿ ಅಲ್ಲಿ ಕಟ್ಟಿದ ಸ್ನಾನಗೃಹಕ್ಕೆ ‘ರಮುನೆ’ ಎಂದು ಹೆಸರು. ರಮುನೆಯೆಂದರೆ ನಮ್ಮ ಗೋಲಿ ಸೋಡಾ. ಅದೇ ಕತ್ತು ಅದುಮಿದ ಶೀಶೆ, ಅದೇ ಗಾಜಿನ ಗೋಲಿ.

ಮೊದಲು ನೀರು ತಣ್ಣಗೆನಿಸಿತು. ಎರಡು ನಿಮಿಷ ಅಲುಗಾಡದೆ ಕುಳಿತೆ. ಆಮೇಲೆ ಮುಂಗೈಯನ್ನು ನೋಡಿಕೊಂಡರೆ, ಒಂದೊಂದು ಕೂದಲಿನ ತುದಿಯಲ್ಲಿಯೂ ಸಾಸಿವೆಗಿಂತ ಸಣ್ಣ ಬೆಳ್ಳಿಯ ಗುಳ್ಳೆಯೊಂದು ಕುಳಿತಿತ್ತು. ಮಂಡಿಯ ಮೇಲೆ, ಮಕಿನೊತೊ ಏರಿನಲ್ಲಿ ಉರಿದಿದ್ದ ತೊಡೆಗಳ ಮೇಲೆ, ಎಲ್ಲೆಲ್ಲಿಯೂ ಅವೇ. ಪಕ್ಕದಲ್ಲಿದ್ದ ಊರಿನ ಮುದುಕರೊಬ್ಬರು ಎಲ್ಲಿಂದ ಬಂದಿರೆಂದು ಕೇಳಿದರು. “ಇಂದೊ,” ಎಂದೆ. ಸೈಕಲಿನಲ್ಲಿ ಬೆಟ್ಟ ದಾಟಿ ಬಂದುದನ್ನು ಕೈಸನ್ನೆಯಿಂದ ತಿಳಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನು ನೋಡಿ, ನೀರಿನಿಂದ ಕೈಯೆತ್ತಿ ಗೋಡೆಯಾಚೆ ಕುಜೂ ಇರುವ ದಿಕ್ಕಿಗೆ ತೋರಿಸಿದರು. ಅನಂತರ ಅದೇ ಬೆರಳನ್ನು ನಿಧಾನವಾಗಿ ಕೆಳಗಿಳಿಸಿ ನಮ್ಮಿಬ್ಬರ ನಡುವಿನ ನೀರನ್ನು ಮುಟ್ಟಿದರು. ನಾನು ತೊಡೆಯ ಮೇಲೆ ಅಂಗೈಯಾಡಿಸಿದೆ. ಗುಳ್ಳೆಗಳೆಲ್ಲ ಒಟ್ಟಿಗೆ ಎದ್ದು ಮೇಲಕ್ಕೆ ಹೋದವು, ಮತ್ತು ನೋಡನೋಡುತ್ತಿರುವಂತೆಯೇ ಹೊಸವು ಬಂದು ಕುಳಿತುಕೊಳ್ಳತೊಡಗಿದವು.