ಕಂಚಿನ ಬಾಲೆ, ಕಲ್ಲಿನ ನೆರಳು

ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ, ಜಪಾನಿನ ರಾಯಭಾರ ಕಚೇರಿಯಿದ್ದ ನಿವೇಶನಕ್ಕೆ ಅಭಿಮುಖವಾಗಿ, ಕಂಚಿನ ಬಾಲೆಯೊಬ್ಬಳು ಕುರ್ಚಿಯಲ್ಲಿ ಕುಳಿತಿದ್ದಾಳೆ. ಒರಟಾಗಿ ಕತ್ತರಿಸಿದ ಕೂದಲು, ಬಿಗಿಹಿಡಿದ ಮುಷ್ಟಿ, ನೆಲಕ್ಕೆ ಊರದ ಹಿಮ್ಮಡಿ. ಹೆಗಲ ಮೇಲೊಂದು ಹಕ್ಕಿ, ಪಕ್ಕದಲ್ಲೊಂದು ಬರಿದಾದ ಕುರ್ಚಿ. ಕಿಮ್ ಸೊ-ಕ್ಯುಂಗ್ ಮತ್ತು ಕಿಮ್ ಉನ್-ಸಂಗ್ ಎಂಬ ಶಿಲ್ಪಿ ದಂಪತಿಗಳ ಈ ಕೃತಿ 2011ರ ಡಿಸೆಂಬರ್ 14ರಂದು ಸ್ಥಾಪಿತವಾಯಿತು. ಅಲ್ಲಿಗೆ ಶಾಲಾ ವಿದ್ಯಾರ್ಥಿಗಳು ಗುಂಪುಗುಂಪಾಗಿ ಬರುತ್ತಾರೆ. ಅವರಿಗೆ ಈ ಶಿಲ್ಪ ಏನನ್ನು ಕಲಿಸುತ್ತದೆ, ಏನನ್ನು ಕಲಿಸದೆ ಬಿಡುತ್ತದೆ ಎಂಬುದು ವಿಚಾರಾರ್ಹ.

1930ರ ದಶಕದಿಂದ 1945ರವರೆಗೆ ಜಪಾನಿನ ಸೇನೆ ಕೊರಿಯ, ಚೀನ, ಫಿಲಿಪ್ಪೀನ್ಸ್, ಇಂಡೊನೇಷ್ಯ ಮೊದಲಾದ ನಾಡುಗಳ ಹತ್ತಾರು ಸಾವಿರ ಸ್ತ್ರೀಯರನ್ನು ಲೈಂಗಿಕ ದಾಸ್ಯಕ್ಕೆ ಗುರಿಮಾಡಿತು. ಆಗ ಅವರಿಗೆ ಕೊಟ್ಟ ಹೆಸರು ‘ಸಾಂತ್ವನ ಸ್ತ್ರೀಯರು’. ಹಿಂಸೆಗೆ ಉಪಚಾರದ ಉಡುಪು ತೊಡಿಸಿದ ಈ ಪದವೊಂದೇ ತರಗತಿಯಲ್ಲಿ ಒಂದು ದಿನದ ಪಾಠಕ್ಕೆ ಸಾಕು.

1993ರ ಆಗಸ್ಟ್‌ನಲ್ಲಿ ಜಪಾನಿನ ಸಚಿವ ಕೋನೊ ಯೊಹೈ ಅವರು ಕ್ಷಮೆ ಕೋರಿ, ಇತಿಹಾಸದ ಬೋಧನೆಯ ಮೂಲಕ ಇದನ್ನು ನೆನಪಿನಲ್ಲಿಡುವುದಾಗಿ ಹೇಳಿಕೆಯಿತ್ತರು. 1997ರಲ್ಲಿ ಬಳಕೆಗೆ ಬಂದ ಅಲ್ಲಿನ ಕಿರಿಯ ಪ್ರೌಢಶಾಲೆಯ ಏಳೂ ಇತಿಹಾಸ ಪುಸ್ತಕಗಳು ಈ ವಿಷಯವನ್ನು ಉಲ್ಲೇಖಿಸಿದವು. ಒಂದೂವರೆ ದಶಕದೊಳಗೆ ಆ ಉಲ್ಲೇಖ ಬಹುತೇಕ ಅಳಿಸಿಹೋಯಿತು. 2021ರಲ್ಲಂತೂ ಆ ಹೆಸರಿನ ಹಿಂದಿನ ‘ಸೇನಾ’ ಎಂಬ ವಿಶೇಷಣವೇ ಸೂಕ್ತವಲ್ಲವೆಂದು ಸರ್ಕಾರ ತೀರ್ಮಾನಿಸಿತು, ಪ್ರಕಾಶಕರು ತಿದ್ದಿಕೊಂಡರು. ಮಾಡಿದವನ ಹೆಸರಿಲ್ಲದ ಅಪರಾಧವನ್ನು ಮಕ್ಕಳು ಹೇಗೆ ಅರ್ಥಮಾಡಿಕೊಳ್ಳಬೇಕು?

ಪುಸ್ತಕ ಬಿಟ್ಟುದನ್ನು ಶಿಲ್ಪ ತುಂಬಿಕೊಡುತ್ತದೆ, ನಿಜ. ಆದರೆ ಅದರಲ್ಲೂ ಒಂದು ಕೊರತೆಯಿದೆ. ಮುಗ್ಧ ಬಾಲೆಯೊಬ್ಬಳನ್ನೇ ಕಂಡ ವಿದ್ಯಾರ್ಥಿಗೆ, ಮುಗ್ಧೆಯಾದವಳು ಮಾತ್ರ ನ್ಯಾಯಕ್ಕೆ ಅರ್ಹಳೆಂಬ ಭಾವನೆ ಬಂದೀತು. ಮೊದಲೇ ವೇಶ್ಯಾವೃತ್ತಿಯಲ್ಲಿದ್ದ ಸ್ತ್ರೀಯರೂ ಆ ಶಿಬಿರಗಳಲ್ಲಿದ್ದರು. ಅವರ ದಾಸ್ಯವೂ ದಾಸ್ಯವೇ. ಬಾಲೆಯ ಮುಖದಲ್ಲಿ ಅವರಿಗೆ ಎಡೆಯಿಲ್ಲ.

ಕೃತಿಯ ಜೀವಾಳವಿರುವುದು ಮುಖದಲ್ಲಲ್ಲ, ನೆಲದಲ್ಲಿ. ಬಾಲೆಯ ಹಿಂದೆ ಕಲ್ಲಿನಲ್ಲಿ ಮೂಡಿಸಿದ ನೆರಳು ಅವಳದಲ್ಲ, ಬಾಗಿದ ಮುದುಕಿಯೊಬ್ಬಳದು. ನ್ಯಾಯ ಕೇಳಿದವರು ಈ ಮುದುಕಿಯರೇ. 1991ರ ಆಗಸ್ಟ್ 14ರಂದು ಕಿಮ್ ಹಾಕ್-ಸುನ್ ತಮ್ಮ ಹೆಸರು ಹೇಳಿ, ಮುಖ ತೋರಿಸಿ ಸಾಕ್ಷ್ಯ ನುಡಿದಾಗ ಅವರಿಗೆ ಅರವತ್ತಾರು ವರ್ಷ. ಅದೇ ಡಿಸೆಂಬರ್‌ನಲ್ಲಿ ಟೋಕಿಯೊ ನ್ಯಾಯಾಲಯದಲ್ಲಿ ದಾವೆ ಹೂಡಿದರು; 1997ರಲ್ಲಿ ತೀರಿಕೊಂಡರು; 2004ರಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯ ಆ ದಾವೆಯನ್ನು ತಳ್ಳಿಹಾಕಿತು. ಅರ್ಧ ಶತಮಾನ ಅವರ ಬಾಯಿ ಕಟ್ಟಿದ್ದು ಜಪಾನಿನ ಸೇನೆಯೊಂದೇ ಅಲ್ಲ, ಸ್ವಂತ ನೆರೆಹೊರೆಯ ನಾಚಿಕೆಯೂ ಹೌದು. 1992ರ ಜನವರಿ 8ರಿಂದ ಪ್ರತಿ ಬುಧವಾರ ರಾಯಭಾರ ಕಚೇರಿಯ ಮುಂದೆ ಪ್ರತಿಭಟನೆ ನಡೆಯುತ್ತ ಬಂದಿತು. ಶಿಲ್ಪ ಬಂದುದು ಅದರ ಸಾವಿರನೆಯ ದಿನ.

ಇಂಥ ವಿಷಯ ಮಕ್ಕಳ ಕಿವಿಗೆ ಬೀಳಬಾರದೆಂಬ ಹಿರಿಯರ ಅಳುಕು ಸಹಜವೇ. ಆದರೆ ಅತ್ಯಾಚಾರದ ವಿವರಗಳಿಲ್ಲದೆಯೂ ನೆರಳಿನ ಕಥೆಯನ್ನು ಹದಿನಾಲ್ಕರ ಮಗುವಿಗೆ ಹೇಳಬಹುದು. ವಾಸ್ತವವಾಗಿ ಆ ಕಥೆಯನ್ನು ಬಿಟ್ಟು ಬರಿಯ ಸಂಕಟವನ್ನು ಹೇಳಿದರೆ ಮಗುವಿನಲ್ಲಿ ಉಳಿಯುವುದು ಭಯ, ಇಲ್ಲವೆ ಜಪಾನಿನ ಮೇಲಣ ದ್ವೇಷ. ಸೇನೆಯ ಕಡತಗಳನ್ನು ಹುಡುಕಿ 1992ರಲ್ಲಿ ಬೆಳಕಿಗೆ ತಂದ ಯೊಶಿಮಿ ಯೊಶಿಯಾಕಿ, 2000ದಲ್ಲಿ ಟೋಕಿಯೊದಲ್ಲಿ ನಡೆದ ಮಹಿಳಾ ಜನತಾ ನ್ಯಾಯಮಂಡಳಿಗೆ ದುಡಿದ ಮಾತ್ಸುಇ ಯಾಯೊರಿ ಇಬ್ಬರೂ ಜಪಾನೀಯರೇ ಎಂಬುದು ಪಾಠದಲ್ಲಿ ಬರಲೇಬೇಕು.

ನೆರಳಿನ ಎದೆಯ ಭಾಗದಲ್ಲಿ ಒಂದು ಬಿಳಿಯ ಚಿಟ್ಟೆಯಿದೆ. ಚಿಟ್ಟೆಗೆ ಕೊರಿಯನ್ ಭಾಷೆಯಲ್ಲಿ ‘ನಬಿ’ ಎನ್ನುತ್ತಾರೆ. 2012ರಲ್ಲಿ ಕಿಮ್ ಬೊಕ್-ಡೊಂಗ್ ಮತ್ತು ಗಿಲ್ ವೊನ್-ಒಕ್ ಎಂಬ ಇಬ್ಬರು ವೃದ್ಧೆಯರು, ಜಪಾನಿನಿಂದ ತಮಗೆ ಎಂದಾದರೂ ಪರಿಹಾರ ಬಂದರೆ ಅದನ್ನು ಇಂದಿನ ಯುದ್ಧಗಳಲ್ಲಿ ನೊಂದ ಸ್ತ್ರೀಯರಿಗೆ ಕೊಡುವುದಾಗಿ ಸಾರಿದರು. ಆ ನಿಧಿಗೆ ನಬಿ ಎಂದೇ ಹೆಸರಾಯಿತು. ಅದರ ನೆರವು ತಲುಪಿದವರಲ್ಲಿ ಕಾಂಗೊ ದೇಶದ ಸ್ತ್ರೀಯರಿದ್ದರು. ಕೊರಿಯದ್ದೇ ಸೈನಿಕರಿಂದ ಅತ್ಯಾಚಾರಕ್ಕೊಳಗಾದ ವಿಯೆಟ್ನಾಮಿನ ಸ್ತ್ರೀಯರೂ ಇದ್ದರು.