ಎಣಿಕೆ ಹೆಚ್ಚಿತು, ಕುಲ ಅಳಿಯಿತು

ಚೀನಾದ ದೈತ್ಯ ಸಲಮಾಂಡರನ್ನು ಉಳಿಸುವ ಹೆಸರಿನಲ್ಲಿ ಅಲ್ಲಿ ಬಹುಕಾಲ ನಡೆದ ಮುಖ್ಯ ಕೆಲಸವೆಂದರೆ, ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದ ಪ್ರಾಣಿಗಳನ್ನು ತಂದು ಬೆಟ್ಟದ ಹೊಳೆಗಳಿಗೆ ಬಿಡುವುದು. ಸರ್ಕಾರವೇ ಬೆನ್ನಿಗೆ ನಿಂತ ಈ ಕಾರ್ಯಕ್ರಮ ನೋಡುವವರಿಗೆ ಪುಣ್ಯಕಾರ್ಯ. ಆದರೆ ಅದರಿಂದ ಆ ಜೀವಿಗೆ ಒಳಿತಿಗಿಂತ ಕೇಡೇ ಹೆಚ್ಚಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದೂಮುಕ್ಕಾಲು ಮೀಟರಿನಷ್ಟು ಬೆಳೆಯಬಲ್ಲ ಈ ಉಭಯವಾಸಿ ಹೆಚ್ಚಾಗಿ ಚರ್ಮದಿಂದಲೇ ಉಸಿರಾಡುತ್ತದೆ. ಅದಕ್ಕೆ ತಣ್ಣನೆಯ ತಿಳಿನೀರು ಬೇಕು, ಅಡಗಲು ಬಂಡೆಯ ಪೊಟರೆ ಬೇಕು. ಪೊಟರೆಯಲ್ಲಿ ಮೊಟ್ಟೆಗಳನ್ನು ಕಾಯುವುದು ಗಂಡು. ಅಣೆಕಟ್ಟು, ಮಾಲಿನ್ಯಗಳ ಜೊತೆಗೆ ಇದನ್ನು ಬಲವಾಗಿ ಹೊಡೆದದ್ದು ಮನುಷ್ಯರ ನಾಲಿಗೆಚಪಲ. ಔತಣಗಳಲ್ಲಿ ಇದರ ಮಾಂಸಕ್ಕೆ ಬೆಲೆ ಏರಿದಂತೆ ಸಾಕಣೆ ಕೇಂದ್ರಗಳು ಹುಟ್ಟಿಕೊಂಡವು. ಅವಕ್ಕೆ ತಳಿಪ್ರಾಣಿಗಳನ್ನು ಒದಗಿಸಲು ಹೊಳೆಗಳನ್ನೇ ಜಾಲಾಡಿದರು. ಸಾಕಣೆಯಿಂದ ಬೇಟೆ ತಗ್ಗುತ್ತದೆ ಎಂಬ ವಾದ ಇಲ್ಲೇ ಮುರಿದು ಬೀಳುತ್ತದೆ.

ಇಂದು ತೊಟ್ಟಿಗಳಲ್ಲಿ ಇವು ಲಕ್ಷಗಟ್ಟಲೆ ಇವೆ. ಹೊಳೆಗಳಲ್ಲಿ? 2013ರಿಂದ 2016ರವರೆಗೆ 97 ಕಡೆ ನಡೆದ ಸಮೀಕ್ಷೆಯಲ್ಲಿ ಸಿಕ್ಕದ್ದು ನಾಲ್ಕೇ ಸ್ಥಳಗಳಲ್ಲಿ 24 ಪ್ರಾಣಿಗಳು. ಅವೂ ಆಯಾ ಹೊಳೆಯ ಮೂಲದವಲ್ಲ, ಸಾಕಣೆಯಿಂದ ಬಂದವು ಇರಬೇಕು ಎಂದೇ ಡಿಎನ್‌ಎ ಪರೀಕ್ಷೆ ಸೂಚಿಸಿತು.

2018ರಲ್ಲಿ ಇನ್ನೊಂದು ಸತ್ಯ ಹೊರಬಿತ್ತು. ಒಂದೇ ಪ್ರಭೇದವೆಂದು ಎಲ್ಲರೂ ನಂಬಿದ್ದ ಈ ಜೀವಿ, ಕನಿಷ್ಠ ಐದು ಪ್ರಭೇದಗಳೆನ್ನುವಷ್ಟು ಕವಲೊಡೆದಿದೆ. ಬೇರೆ ಬೇರೆ ನದಿಗಳಲ್ಲಿ ಲಕ್ಷಾಂತರ ವರ್ಷ ಒಂದನ್ನೊಂದು ಕಾಣದೆ ಬೆಳೆದ ಕುಲಗಳಿವು. ಸಾಕಣೆ ಕೇಂದ್ರಗಳು ಇವನ್ನೆಲ್ಲ ಬೆರೆಸಿಬಿಟ್ಟವು. ಹಾಗೆ ಬೆರೆತದ್ದನ್ನು ತಂದು ಹೊಳೆಗೆ ಬಿಟ್ಟಾಗ, ಅಲ್ಲಿ ಅಕಸ್ಮಾತ್ ಉಳಿದಿರಬಹುದಾದ ಮೂಲ ಕುಲದ ಕೊನೆಯ ಆಸೆಯೂ ಕರಗುತ್ತದೆ. ಜೊತೆಗೆ ತೊಟ್ಟಿಯ ರೋಗಗಳೂ ಹೊಳೆ ಸೇರುತ್ತವೆ. ಬಿಟ್ಟವು ಎಷ್ಟು ಎಂದು ಲೆಕ್ಕ ಇಟ್ಟವರು, ಬಿಟ್ಟದ್ದು ಯಾವುದನ್ನು ಎಂದು ಕೇಳಿಕೊಳ್ಳಲಿಲ್ಲ.

ಜಪಾನಿನ ಕ್ಯೋಟೋದಲ್ಲೂ ಇದೇ ಕಥೆ. ಚೀನಾದಿಂದ ತರಿಸಿದ ಸಲಮಾಂಡರ್‌ಗಳು ಅಲ್ಲಿನ ಕಾಮೋ ನದಿ ಸೇರಿದ ಮೇಲೆ, ಜಪಾನಿನ ಸ್ವಂತ ದೈತ್ಯ ಸಲಮಾಂಡರ್ ಮಿಶ್ರತಳಿಯ ನಡುವೆ ಕಳೆದುಹೋಗುತ್ತಿದೆ.

ಇದಕ್ಕೆ ಪ್ರತಿಯಾಗಿ ಚೀನಾದ ಜಿಯಾಂಗ್ಶಿ ಪ್ರಾಂತ್ಯವನ್ನು ನೋಡಬೇಕು. 2022ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿದ ಸಲಮಾಂಡರ್ ಅಲ್ಲಿನ ರಕ್ಷಿತಾರಣ್ಯದ ತೊರೆಯಲ್ಲಿ ಕಲಬೆರಕೆಯಾಗದೆ ಉಳಿದು, ತಾನಾಗಿಯೇ ಸಂತಾನ ಬೆಳೆಸುತ್ತಿದೆ. ಅದನ್ನು ಉಳಿಸಿದ್ದು ತೊಟ್ಟಿಯ ಮರಿಗಳಲ್ಲ. ಜನರ ಓಡಾಟವಿಲ್ಲದ, ಕಾಡು ಕಾಪಾಡಿದ ನೀರು.

ನಮ್ಮ ಕಾವೇರಿಯೂ ಇದೇ ತಪ್ಪಿಗೆ ಬೆಲೆ ತೆತ್ತಿದೆ. ಬೇರೆ ನದಿಯ ನೀಲಿ ರೆಕ್ಕೆಯ ಮಹಶೀರ್ ಮೀನಿನ ಮರಿಗಳನ್ನು ಸಂರಕ್ಷಣೆಯೆಂದೇ ಇಲ್ಲಿಗೆ ತಂದು ಬಿಟ್ಟರು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಮೂಲೆಗುಂಪಾಯಿತು. 2018ರ ಹೊತ್ತಿಗೆ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿ ಸೇರಿತು.

ಆದ್ದರಿಂದ ಮೀನಾಗಲಿ, ಸಲಮಾಂಡರ್ ಆಗಲಿ, ಡಿಎನ್‌ಎ ಪರೀಕ್ಷಿಸಿ ಆ ಹೊಳೆಯದೇ ಕುಲವೆಂದು ಖಾತ್ರಿಯಾಗುವ ತನಕ ಒಂದು ಮರಿಯನ್ನೂ ನೀರಿಗೆ ಬಿಡಬಾರದು. ಮರಿ ಸಾಕಲು ಸುರಿಯುವ ಹಣ ಮೊದಲು ಹೊಳೆಯ ಕಾವಲಿಗೆ ಹೋಗಲಿ.